ಹನ್ನೊಂದನೆಯ ಕರಡಿ

ಪ್ರವಾಸಿಗರ ಹಡಗು ಬರುವ ದಿನ ಊರೆಲ್ಲ ಬೇಗ ಏಳುತ್ತದೆ. ತೊಬಿಯಾಸ್ ಎಲ್ಲರಿಗಿಂತ ಮೊದಲೇ ಎಚ್ಚರಗೊಂಡಿದ್ದ, ಆದರೆ ಅದು ಹೆಂಡತಿಗೆ ತಿಳಿಯಬಾರದೆಂದು ಕಣ್ಣು ಮುಚ್ಚಿಕೊಂಡೇ ಮಲಗಿದ್ದ. ಅರವತ್ತೊಂದು ವರ್ಷದ ಗಂಡಸು ಹೀಗೆ ಕಳ್ಳನಿದ್ದೆ ಮಾಡುವುದು ನಾಚಿಕೆಗೇಡು ಎಂದು ಅವನಿಗೇ ಅನಿಸುತ್ತಿತ್ತು. ಅಡುಗೆಮನೆಯಲ್ಲಿ ದೆಬೋರಾ ಹಡಗಿನವರಿಗೆ ಮಾರಲೆಂದು ಚಳಿಗಾಲವಿಡೀ ಕೂತು ಹೊಲಿದಿದ್ದ ಸೀಲ್ ಚರ್ಮದ ಕೈಗವಸುಗಳನ್ನು ಜೊತೆ ಮಾಡುತ್ತಿದ್ದಳು; ಎಡಗೈಯದ್ದೊಂದು ಹೆಚ್ಚಾಗಿದೆ, ಬಲಗೈಯದ್ದು ಯಾವ ನಾಯಿಯ ಹೊಟ್ಟೆ ಸೇರಿತೋ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಹೊರಗೆ ಇಳಿಜಾರಿನಲ್ಲಿ ಕಟ್ಟಿದ್ದ ನಾಯಿಗಳು ಒಂದೇ ಸಮನೆ ಊಳಿಡುತ್ತಿದ್ದವು, ಅಂದರೆ ಹಡಗು ಕೊಲ್ಲಿಯ ಬಾಯಿಗೆ ಬಂದು ಲಂಗರು ಹಾಕಿಯಾಗಿದೆ. ಪರದೆಯ ಸಂದಿನಿಂದ ಒಳ್ಳೆಯ ಬಿಸಿಲು ಬಂದು ಅವನ ಕಾಲಿನ ಮೇಲೆ ಬಿದ್ದಿತ್ತು. ಆಗಸ್ಟ್ ಕೊನೆಗೆ ಇಂಥ ಬಿಸಿಲು ಸಿಕ್ಕುವುದು ಪುಣ್ಯ. ಬಿಸಿಲಿದೆ, ನಾಯಿಗಳು ಗಟ್ಟಿಮುಟ್ಟಾಗಿವೆ, ಮಂಡಿನೋವು ಈ ವರ್ಷ ಕಡಿಮೆ. ಇಷ್ಟೆಲ್ಲ ಇದ್ದೂ ಏಳಲು ಮನಸ್ಸು ಯಾಕೆ ಬಾರದು? ಯಾಕೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಇವತ್ತು ಮನಾಸೆಯ ಹುಟ್ಟುಹಬ್ಬ.

ಮನಾಸೆ ಎಂದರೆ ಅಣ್ಣನ ಮಗಳು ನಿಕೊಲಿನೆ ಹೆತ್ತ ಹುಡುಗಿ, ಇವತ್ತಿಗೆ ಐದು ವರ್ಷ. ಮನಾಸೆ ಎಂದರೆ ತೊಬಿಯಾಸನ ತೀರಿಹೋದ ಅಣ್ಣನೂ ಹೌದು. ಅಣ್ಣ ಸತ್ತ ಮೂರನೆಯ ವಾರಕ್ಕೆ ಈ ಮಗು ಹುಟ್ಟಿತು, ಹೆಸರು ಯಾರೂ ಹುಡುಕದೆ ತಾನಾಗಿ ಬಂತು. ಹೆಸರು ಬಂದಮೇಲೆ ಮನುಷ್ಯನೂ ಬಂದ ಹಾಗೆಯೇ. ಇದರಲ್ಲಿ ಕರ್ಮಾತ್ ಎಂಬ ಈ ಊರಿನ ಯಾರಿಗೂ ಅನುಮಾನವಿಲ್ಲ, ಹೆಣ್ಣೇ ಗಂಡೇ ಎಂದು ಹೆಸರು ನೋಡುವುದೂ ಇಲ್ಲ. ನಿಕೊಲಿನೆ ತನ್ನ ಮಗಳನ್ನು ಅಪ್ಪ ಎನ್ನುತ್ತಾಳೆ. ಅತ್ತಿಗೆ ರೆಗಿನೆಗೆ ಮೊಮ್ಮಗಳು "ನಮ್ಮನೆಯವರು." ನಮ್ಮನೆಯವರಿಗೆ ಶೀತವಾಗಿದೆ, ನಮ್ಮನೆಯವರು ಸೂಪು ಕುಡಿಯುವುದಿಲ್ಲ ಎಂದು ಹಟ ಹಿಡಿದಿದ್ದಾರೆ, ನಿನ್ನೆ ಅಂಗಡಿಯಲ್ಲಿ ನೆಲದ ಮೇಲೆ ಬಿದ್ದು ಹೊರಳಾಡಿ ಮಿಠಾಯಿ ತೆಗೆಸಿಕೊಂಡರು, ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಚರ್ಚಿನ ಪಾದ್ರಿಯೂ ಆ ಹುಡುಗಿಯನ್ನು ಕಂಡರೆ ತಲೆಬಾಗಿ, ಬೇಟೆ ಹೇಗಾಯಿತು ಎಂದು ವಿಚಾರಿಸುತ್ತಾನೆ. ಅಣ್ಣ ಎಂದು ಕರೆಯಬೇಕಾದವನು ಊರಿಗೆಲ್ಲ ಒಬ್ಬನೇ, ತೊಬಿಯಾಸ್. ಅವನು ಐದು ವರ್ಷದಿಂದ "ಮಗು" ಎನ್ನುತ್ತಿದ್ದ. ಅದೂ ಎದುರಿಗೆ ಸಿಕ್ಕಾಗ ಮಾತ್ರ. ಸಿಗದ ಹಾಗೆ ನೋಡಿಕೊಳ್ಳುತ್ತಿದ್ದ. ಗ್ರೀನ್‌ಲ್ಯಾಂಡಿನ ಈ ಪೂರ್ವ ತೀರದಲ್ಲಿ, ಆಚೀಚೆಯ ಊರಿಗೆ ದಿನಗಟ್ಟಲೆ ಪ್ರಯಾಣವಿರುವ ಜಾಗದಲ್ಲಿ, ಮುನ್ನೂರೈವತ್ತು ಜನರ ನಡುವೆ ಒಬ್ಬರ ಕಣ್ಣು ತಪ್ಪಿಸಿ ಬದುಕುವುದು ಸುಲಭದ ಕೆಲಸವಲ್ಲ. ಅಂಗಡಿಗೆ ಹೋಗುವ ಹೊತ್ತು ಬದಲಿಸಿಕೊಂಡಿದ್ದ, ಚರ್ಚಿನಲ್ಲಿ ಕಂಬದ ಹಿಂದಿನ ಬೆಂಚು ಹಿಡಿದಿದ್ದ.

ಹುಟ್ಟುಹಬ್ಬದ ದಿನ ಮನೆಯವರು ಕಾಫಿಯಿಟ್ಟು ಬಾಗಿಲು ತೆರೆಯುತ್ತಾರೆ, ಊರಿಗೆ ಊರೇ ಹೋಗಿ ಕೇಕು ತಿಂದು ಬರುತ್ತದೆ. ನಾಲ್ಕು ವರ್ಷ ನಾಲ್ಕು ನೆಪ ಹೇಳಿ ಅವನು ಹೋಗಿರಲಿಲ್ಲ. ಪ್ರತಿ ಸಲವೂ ರೆಗಿನೆ ಒಂದು ದೊಡ್ಡ ಚೂರು ಕೇಕನ್ನು ಕಾಗದದಲ್ಲಿ ಸುತ್ತಿ ದೆಬೋರಾಳ ಕೈಲಿ ಕಳಿಸುತ್ತಿದ್ದಳು, ಒಂದು ಮಾತೂ ಜೊತೆಗೆ ಕಳಿಸದೆ. ಅವನು ತಿನ್ನುತ್ತಿದ್ದ. ಚೆನ್ನಾಗಿಯೇ ಇರುತ್ತಿತ್ತು, ಅದೇ ಅವನಿಗೆ ಕಷ್ಟವಾಗುತ್ತಿದ್ದದ್ದು. ಈಗ ದೆಬೋರಾ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಎದ್ದಿದೀಯ ಅಂತ ಗೊತ್ತು. ಕಣ್ಣು ಮುಚ್ಕೊಂಡ್ರೆ ಕಿವೀನೂ ಮುಚ್ಚುತ್ತಾ? ಎರಡು ಗಂಟೆಗೆ ಕಾಫಿ. ಈ ಸಲ ನಾನಂತೂ ಕೇಕು ಹೊತ್ಕೊಂಡು ಬರಲ್ಲ."

ಅವನು ಕಣ್ಣು ಮುಚ್ಚಿಕೊಂಡೇ ಮೂಗು ಸುಕ್ಕಿಸಿದ. ಇಲ್ಲಿ ಅದರರ್ಥ ಇಲ್ಲ ಎಂದು. ದೆಬೋರಾ ಕೈಗವಸಿನ ಡಬ್ಬ ಎತ್ತಿಕೊಂಡು, ಮಾರಾಟ ನಡೆಯುವ ಸಮುದಾಯ ಭವನದ ಕಡೆ ನಡೆದಳು.

ಹತ್ತು ಗಂಟೆಗೆಲ್ಲ ಅವನು ಊರಿನ ಮೇಲಿನ ದಿಬ್ಬದಲ್ಲಿ, ಕೊನೆಯ ಮನೆಯಾಚೆ, ಬಂದೂಕು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಹಡಗಿನವರು ನೆಲದ ಮೇಲಿರುವಷ್ಟು ಹೊತ್ತು ಊರಿನ ಬೇಟೆಗಾರರು ಸರದಿಯ ಮೇಲೆ ಕರಡಿ ಕಾಯಬೇಕು. ಕಾಯುವವರಿಗೆಂದು ಎರಡು ವರ್ಷದಿಂದ ತೋಳಿಲ್ಲದ ಹೊಳೆಯುವ ಹಳದಿ ಅಂಗಿಯೊಂದನ್ನು ಕೊಟ್ಟಿದ್ದಾರೆ. ಜೀವಮಾನವಿಡೀ ಪ್ರಾಣಿಗಳ ಕಣ್ಣಿಗೆ ಬೀಳದ ಹಾಗೆ ಬಿಳಿ ಬಟ್ಟೆಯ ಮರೆಯಲ್ಲಿ ತೆವಳಿದವನಿಗೆ ಎರಡು ಮೈಲಿ ದೂರಕ್ಕೆ ಕಾಣುವ ಅಂಗಿ! ಮೊದಲ ಸಲ ಹಾಕಿಕೊಂಡಾಗ ಅವನ ನಾಯಿಗಳೇ ಗುರುತು ಸಿಗದೆ ಬೊಗಳಿದ್ದವು. ಆದರೂ ಅವನಿಗೆ ಈ ಕೆಲಸ ಇಷ್ಟ, ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ. ದಿಬ್ಬದಿಂದ ಎಲ್ಲ ಕಾಣುತ್ತದೆ. ಕೊಲ್ಲಿಯಿಂದ ರಬ್ಬರ್ ದೋಣಿಗಳು ಹತ್ತು ಹತ್ತು ಜನರನ್ನು ತಂದು ದಡಕ್ಕೆ ಸುರಿಯುತ್ತವೆ. ಎಲ್ಲರಿಗೂ ಹಡಗಿನವರು ಕೊಟ್ಟ ಒಂದೇ ಥರದ ಕೆಂಪು ಜಾಕೆಟ್ಟು, ಒಂದೇ ಥರದ ಕಪ್ಪು ರಬ್ಬರ್ ಬೂಟು. ಇಳಿದವರು ಮೊದಲು ಕಲ್ಲಿನ ಮೇಲೆ ಕಾಲು ನಿಲ್ಲಿಸಲು ಒದ್ದಾಡುತ್ತಾರೆ, ಆಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಫೋಟೋ ತೆಗೆಯುತ್ತಾರೆ. ಒಣಹಾಕಿದ ಮೀನು, ಕೆಟ್ಟು ನಿಂತ ಟ್ರ್ಯಾಕ್ಟರು, ಹಗ್ಗದ ಮೇಲಿನ ಒಳಬಟ್ಟೆ, ಎಲ್ಲವೂ ಅವರಿಗೆ ಬೇಕು. ಕಳೆದ ತಿಂಗಳ ಹಡಗಿನವನೊಬ್ಬ ದೆಬೋರಾಳ ಉದ್ದನೆಯ ಚಡ್ಡಿಯ ಮುಂದೆ ಬಹಳ ಹೊತ್ತು ಮಂಡಿಯೂರಿ ಕೂತಿದ್ದ. ತೊಬಿಯಾಸನನ್ನೂ ತೆಗೆಯುತ್ತಾರೆ. ಬಂದೂಕು ಹಿಡಿದ ತಾನು ಎಷ್ಟು ಊರುಗಳ ಎಷ್ಟು ಗೋಡೆಗಳ ಮೇಲೆ ಇದ್ದೇನೋ ಎಂದು ಅವನು ಆಗಾಗ ಯೋಚಿಸುವುದುಂಟು. ಆ ಗೋಡೆಯ ಕೆಳಗೆ ಊಟಕ್ಕೆ ಕೂತವರು, ಯಾರಿದು ಎಂದು ನೆಂಟರು ಕೇಳಿದರೆ, ದೊಡ್ಡ ಬೇಟೆಗಾರ, ಬಹಳ ಕರಡಿ ಹೊಡೆದಿದ್ದಾನೆ ಎನ್ನುತ್ತಾರೇನೋ. ಅಷ್ಟಕ್ಕೇ ಆ ಯೋಚನೆಯನ್ನು ಅವನು ಬಿಟ್ಟುಬಿಡುತ್ತಿದ್ದ.

ಈ ಊರಲ್ಲಿ ಕರಡಿ ಹೊಡೆದವನದ್ದಲ್ಲ. ಯಾರ ಕಣ್ಣಿಗೆ ಮೊದಲು ಬಿತ್ತೋ ಅವರದ್ದು ಕರಡಿ, ಗುಂಡು ಯಾರದ್ದಾದರೂ ಆಗಲಿ. ಮಾಂಸ ಊರಿಗೆಲ್ಲ ಹಂಚಿಹೋಗುತ್ತದೆ. ಚರ್ಮ ಮತ್ತು ಹೆಸರು ಮೊದಲು ನೋಡಿದವನಿಗೆ. ಚಿಕ್ಕ ಮಗು ಮೊದಲು ನೋಡಿದರೆ ಚಿಕ್ಕ ಮಗುವಿನದ್ದು, ಕುಂಟ ಮುದುಕಿ ನೋಡಿದರೆ ಅವಳದ್ದು. ಸಾಕ್ಷಿ ಕೇಳುವ ಪದ್ಧತಿಯಿಲ್ಲ, ಯಾಕೆಂದರೆ ಇಂಥ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಏಳು ವರ್ಷದ ಹಿಂದೆ, ಏಪ್ರಿಲ್ ತಿಂಗಳು, ಅಣ್ಣ ತಮ್ಮ ಎರಡು ಜಾರುಬಂಡಿ ಕಟ್ಟಿಕೊಂಡು ಹಿಮಗಟ್ಟಿದ ಕಡಲಿನ ಅಂಚಿಗೆ ಹೋಗಿ ಒಂದು ಕರಡಿ ತಂದರು. ದಡದಲ್ಲಿ ಜನ ಕಾದಿದ್ದರು. ಇಂಥ ಹೊತ್ತಿನಲ್ಲಿ ಯಾವಾಗಲೂ ಕೇಳುವಂತೆ, ಯಾರು ನೋಡಿದ್ದು ಎಂದು ಯಾರೋ ಕೇಳಿದರು. ನಾನು ಎಂದ ತೊಬಿಯಾಸ್. ಅಂದದ್ದು ತನ್ನ ಬಾಯೇ ಎಂದು ಅವನಿಗೆ ಗೊತ್ತಾದದ್ದು ಅಂದಮೇಲೆ. ನಾಯಿಗಳ ಹಗ್ಗದ ಸಿಕ್ಕು ಬಿಡಿಸುತ್ತಿದ್ದ ಮನಾಸೆ ತಲೆಯೆತ್ತದೆ, ಹೌದು ಇವನೇ ನೋಡಿದ್ದು, ಎಂದ. ಅಷ್ಟೆ. ತೊಬಿಯಾಸನ ಲೆಕ್ಕಕ್ಕೆ ಹನ್ನೊಂದನೆಯ ಕರಡಿ ಸೇರಿತು. ಅಣ್ಣನಿಗೆ ಆಗ ಮೂರು ವರ್ಷದಿಂದ ಒಂದು ಕರಡಿಯೂ ಸಿಕ್ಕಿರಲಿಲ್ಲ, ಊರಲ್ಲಿ ಅವನ ಕಣ್ಣು ಮಂಜಾಗಿದೆ ಎಂಬ ಮಾತೂ ಇತ್ತು. ಚರ್ಮ ಪಶ್ಚಿಮ ತೀರದ ದೊಡ್ಡ ಊರಿಗೆ ಹೋಯಿತು, ತೊಬಿಯಾಸನ ದೋಣಿಗೆ ಹೊಸ ಮೋಟಾರು ಬಂತು. ಜಗಳವೇನೂ ಆಗಲಿಲ್ಲ. ಜಗಳವಾದರೂ ಆಗಿದ್ದರೆ ಎಷ್ಟೋ ವಾಸಿಯಿತ್ತು. ಮನಾಸೆ ಮೊದಲಿನ ಹಾಗೆಯೇ ಸೀಲ್ ಹೊಡೆದ ದಿನ ಪಿತ್ತಜನಕಾಂಗದ ಅರ್ಧ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ, ಸಿಕ್ಕಾಗ ಹೆಗಲು ತಟ್ಟುತ್ತಿದ್ದ. ತಟ್ಟಿದ ಕಡೆ ತೊಬಿಯಾಸನಿಗೆ ಉರಿಯುತ್ತಿತ್ತು. ಮೆಲ್ಲಗೆ ಅಣ್ಣನ ಮನೆಗೆ ಹೋಗುವುದು ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಎದುರಿಗೆ ಬಂದರೆ ಬೂಟಿನ ದಾರ ಕಟ್ಟಲು ಬಗ್ಗುವುದು ರೂಢಿಯಾಯಿತು. ಎದೆಯ ಕಾಯಿಲೆ ಬಂದು ಅಣ್ಣನನ್ನು ಆಸ್ಪತ್ರೆಗೆ ಹೊತ್ತೊಯ್ಯಲು ಹೆಲಿಕಾಪ್ಟರ್ ಬಂದ ದಿನ ಊರೆಲ್ಲ ಸೇರಿತ್ತು. ತೊಬಿಯಾಸ್ ಬೇಟೆಯ ನೆಪ ಮಾಡಿ ಕಡಲಿನಲ್ಲಿದ್ದ. ಹೆಲಿಕಾಪ್ಟರ್ ಅವನ ದೋಣಿಯ ಮೇಲಿಂದಲೇ ಹಾದುಹೋಯಿತು. ಅದು ಬೆಟ್ಟದ ಹಿಂದೆ ಮರೆಯಾಗುವವರೆಗೂ ಅವನು ಕತ್ತೆತ್ತಿ ನೋಡುತ್ತಲೇ ಇದ್ದ. ನೋಡುವುದೇ ಅವನ ಕಸುಬು.

ಕೆಂಪು ಜಾಕೆಟ್ಟಿನ ಒಬ್ಬ ಮುದುಕಿ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದು, ಕೇಳದೆ ಹೇಳದೆ, ಅವನ ಪಕ್ಕದ ಬಂಡೆಯ ಮೇಲೆ ಕೂತಳು. ಎಂಬತ್ತು ದಾಟಿರಬೇಕು. ಟೋಪಿ ತೆಗೆದಾಗ ಬೆಳ್ಳಿಕೂದಲು ಗಾಳಿಗೆ ಎದ್ದು ನಿಂತಿತು. ಅವನ ಬಳಿ ಇಂಗ್ಲಿಷಿನ ಹತ್ತು ಹದಿನೈದು ಮಾತಿದ್ದವು, ಅವಳಿಗೆ ಅಷ್ಟೇ ಸಾಕಾಯಿತು. ಹೆಸರು ಹೇಳಿದಳು, ಅದು ಅವನ ಕಿವಿಯಲ್ಲಿ ನಿಲ್ಲಲಿಲ್ಲ. ಗಂಡನಿಲ್ಲ ಎಂದು ಆಕಾಶ ತೋರಿಸಿದಳು. ಜೇಬಿನಿಂದ ಬಿಸ್ಕತ್ತು ತೆಗೆದು ಅವನಿಗೊಂದು ಕೊಟ್ಟು ತಾನೊಂದು ಕಡಿದಳು. ಹಡಗಿನವರು ಸಾಮಾನ್ಯವಾಗಿ ಪ್ರಶ್ನೆಗಳ ಸುರಿಮಳೆ ಸುರಿಸುತ್ತಾರೆ: ಇಲ್ಲಿ ಹೊತ್ತು ಹೇಗೆ ಕಳೆಯುತ್ತೀರಿ, ಚಳಿಯಾಗುವುದಿಲ್ಲವೇ, ಬೇರೆ ಕಡೆ ಯಾಕೆ ಹೋಗುವುದಿಲ್ಲ. ಇವಳು ಏನೂ ಕೇಳದೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಅವನಿಗೆ ಹಿತವೆನಿಸಿತು. ಯಾರ ಜೊತೆಗಾದರೂ ಹೀಗೆ ಸುಮ್ಮನೆ ಕೂತು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟ.

ಸ್ವಲ್ಪ ಹೊತ್ತಾದ ಮೇಲೆ ಅವಳು ಕೊರಳಿನ ದುರ್ಬೀನು ತೆಗೆದು ಅವನ ಕೈಗಿತ್ತಳು. ಭಾರಿ ಬೆಲೆಯದ್ದು. ಅವನ ಹಳೆಯ ದುರ್ಬೀನಿಗೆ ಒಂದು ಕಡೆ ಗಾಜು ಸೀಳಿತ್ತು. ಇದರಲ್ಲಿ ಲೋಕವೇ ತೊಳೆದಿಟ್ಟ ಹಾಗೆ ಕಂಡಿತು. ಮೊದಲು ಕಡಲು ನೋಡಿದ, ಅಭ್ಯಾಸಬಲ. ಆಮೇಲೆ ಹಡಗು, ದಡ, ಅಂಗಡಿಯ ಮುಂದಿನ ಸಾಲು. ಆಮೇಲೆ ಕೈ ತಾನಾಗಿ ಬಲಕ್ಕೆ ತಿರುಗಿ, ನಿಕೊಲಿನೆಯ ನೀಲಿ ಮನೆಯ ಮೆಟ್ಟಿಲಿಗೆ ಬಂದು ನಿಂತಿತು. ಮೆಟ್ಟಿಲ ಮೇಲೆ ಹುಡುಗಿ ಕೂತಿದ್ದಳು, ರೆಗಿನೆ ಹಿಂದೆ ನಿಂತು ಅವಳ ಕೊರಳಿಗೆ ಮಣಿಯ ಪಟ್ಟಿ ಕಟ್ಟುತ್ತಿದ್ದಳು. ಹುಡುಗಿ ಕತ್ತು ಅಲ್ಲಾಡಿಸುತ್ತಾಳೆ, ರೆಗಿನೆ ತಲೆಗೊಂದು ಮೊಟಕುತ್ತಾಳೆ, ಹುಡುಗಿ ನಗುತ್ತಾಳೆ. ಒಂದು ಹಲ್ಲು ಬಿದ್ದಿದೆ. ಹಲ್ಲು ಬಿದ್ದದ್ದು ತನಗೆ ಗೊತ್ತಿಲ್ಲ. ಯಾವಾಗ ಬಿತ್ತು? ಊರಿಗೆಲ್ಲ ಗೊತ್ತಿರಬೇಕು. ಐದು ವರ್ಷದಿಂದ ಆ ಮುಖವನ್ನು ಇಷ್ಟು ಹೊತ್ತು ಅವನು ನೋಡಿದ್ದೇ ಇಲ್ಲ, ಈಗ ಪರದೇಶದವಳ ದುರ್ಬೀನಿನಲ್ಲಿ ಕದ್ದು ನೋಡುತ್ತಿದ್ದಾನೆ. ಮರುಕ್ಷಣ ಹುಡುಗಿ ದಿಬ್ಬದ ಕಡೆಗೇ ತಿರುಗಿ ನೋಡಿದಳು. ಹಳದಿ ಅಂಗಿ ಅವಳಿಗೂ ಕಾಣುತ್ತದಲ್ಲ. ಅವನು ದುರ್ಬೀನು ಇಳಿಸಿಬಿಟ್ಟ.

ಕರಡಿ ಕಂಡಿತೇ ಎಂದು ಮುದುಕಿ ನಗುತ್ತ ಕೇಳಿದಳು. ಮೂಗು ಸುಕ್ಕಿಸಿದ, ಅವಳಿಗೆ ಅರ್ಥವಾಗಲಿಲ್ಲ, ಸೀನು ಬಂತೆಂದು ತಿಳಿದು ಕರವಸ್ತ್ರ ಕೊಡಲು ಹೋದಳು. ಹಾಗಾದರೆ ನೀನು ಇದುವರೆಗೆ ಎಷ್ಟು ಹೊಡೆದಿದ್ದೀ ಎಂದು ಬಂದೂಕು ತೋರಿಸಿ ಕೇಳಿದಳು. ಇದು ಎಲ್ಲ ಹಡಗಿನವರೂ ಕೇಳುವ ಪ್ರಶ್ನೆ, ಇದಕ್ಕೆ ಅವನದ್ದು ಒಂದು ಪಳಗಿದ ಉತ್ತರವಿತ್ತು: ಎರಡೂ ಕೈಯ ಬೆರಳೆಲ್ಲ ಬಿಡಿಸಿ ತೋರಿಸುವುದು, ಕೈ ಮುಚ್ಚುವುದು, ಆಮೇಲೆ ಬಲಗೈಯ ತೋರುಬೆರಳು ಎತ್ತುವುದು. ಎರಡೂ ಕೈ ಬಿಡಿಸಿ ತೋರಿಸಿದ. ಕೈ ಮುಚ್ಚಿದ. ಇನ್ನೊಂದು ಬೆರಳು ಎತ್ತಬೇಕಿತ್ತು. ಎತ್ತಲಿಲ್ಲ. ಅದು ಎಂಥ ಹಗುರವಾದ ಕೆಲಸವಾಗಿತ್ತೆಂದರೆ, ಮಾಡಿದ್ದು ಇಷ್ಟೇನೇ ಎಂದು ಅವನು ತನ್ನ ಕೈಗಳನ್ನೇ ನೋಡಿಕೊಂಡ. ಹತ್ತು, ಎಂದಳು ಮುದುಕಿ ಮೆಚ್ಚುಗೆಯಿಂದ. ಹುಬ್ಬು ಎತ್ತಿ ಹೌದೆಂದ. ಸಂಜೆ ನಾಲ್ಕಕ್ಕೆ ಈ ಮುದುಕಿ ಹೋಗಿಬಿಡುತ್ತಾಳೆ, ಅವಳ ಜೊತೆಗೆ ಈ ಹತ್ತೂ ಹೋಗುತ್ತದೆ, ಊರಲ್ಲಿ ಹನ್ನೊಂದು ಹನ್ನೊಂದಾಗಿಯೇ ಉಳಿಯುತ್ತದೆ. ಆದರೂ ಎದೆ ಸಡಿಲವಾಗಿ, ಕೊಟ್ಟ ಬಿಸ್ಕತ್ತು ಇನ್ನೂ ಕೈಯಲ್ಲೇ ಇದ್ದದ್ದು ನೆನಪಾಗಿ ತಿಂದ.

ಒಂದೂವರೆಗೆ ಸರದಿ ಬದಲಿಸಲು ಇನ್ನೊಬ್ಬ ಬಂದ. ತೊಬಿಯಾಸ್ ಇಳಿಯಲು ಹೊರಟಾಗ ಮುದುಕಿಯೂ ಎದ್ದು, ಇಳಿಜಾರು ನೋಡಿ ಹೆದರಿ, ಅವನ ತೋಳು ಹಿಡಿದುಕೊಂಡಳು. ಬಂದೂಕು, ಹಳದಿ ಅಂಗಿ, ತೋಳು ಹಿಡಿದ ಒಬ್ಬ ಪ್ರಯಾಣಿಕಳು: ದಾರಿಯಲ್ಲಿದ್ದ ಕೆಂಪು ಜಾಕೆಟ್ಟಿನವರು ಇದನ್ನು ಊರು ತೋರಿಸುವ ಏರ್ಪಾಟೆಂದು ತಿಳಿದರು. ಒಬ್ಬ ಸೇರಿಕೊಂಡ, ಇಬ್ಬರು ಸೇರಿಕೊಂಡರು. ಇದು ಯಾವುದೂ ತೊಬಿಯಾಸನಿಗೆ ಗೊತ್ತಿಲ್ಲ. ಅವನು ಅಂಗಡಿಯಲ್ಲಿ ಹುಡುಗಿ ನೆಲದ ಮೇಲೆ ಬಿದ್ದು ಹೊರಳಾಡಿದ್ದನ್ನು ಯೋಚಿಸುತ್ತಿದ್ದ. ಅಣ್ಣನೂ ಚಿಕ್ಕವನಿದ್ದಾಗ ಹೀಗೆಯೇ ಇದ್ದನಂತೆ, ಅಮ್ಮ ಹೇಳುತ್ತಿದ್ದಳು. ನೀರಿನ ತೊಟ್ಟಿಯ ಹತ್ತಿರ ದಾರಿ ಕವಲೊಡೆಯುತ್ತದೆ, ಎಡಕ್ಕೆ ತನ್ನ ಮನೆ, ಬಲಕ್ಕೆ ನಿಕೊಲಿನೆಯದು. ಎಡದ ದಾರಿಯಲ್ಲಿ ಸಡಿಲ ಕಲ್ಲು ಹೆಚ್ಚು, ಮುದುಕಿಗೆ ಕಷ್ಟ, ಆದ್ದರಿಂದ ಬಲಕ್ಕೆ ತಿರುಗಿದ್ದು, ಎಂದು ಅವನು ತನಗೇ ಹೇಳಿಕೊಂಡ. ನೀಲಿ ಮನೆಯ ಮುಂದೆ ಹಾದುಹೋದರೆ ಆಯಿತು, ಒಳಗೆ ಹೋಗಲೇಬೇಕೆಂದೇನಿಲ್ಲ. ಆದರೆ ಮೆಟ್ಟಿಲ ಮೇಲೆ ಕಾಫಿಯ ಫ್ಲಾಸ್ಕು ಹಿಡಿದು ರೆಗಿನೆ ನಿಂತಿದ್ದಳು.

"ನಾಲ್ಕು ವರ್ಷ ಒಬ್ಬನೇ ಆದ್ರೂ ಬರ್ಲಿಲ್ಲ ನೀನು. ಈಗ ದಂಡು ಕಟ್ಕೊಂಡು ಬಂದ್ಯಾ?"

ಅವನು ತಿರುಗಿ ನೋಡಿದ. ಹದಿನಾಲ್ಕು ಜನ ಕೆಂಪು ಜಾಕೆಟ್ಟಿನವರು ಸಾಲಾಗಿ ನಿಂತು ಮುಗುಳ್ನಗುತ್ತಿದ್ದರು. ಮಂಜಿನಲ್ಲಿ ಸೀಲಿನ ಮೂಗು ಗುರುತಿಸುವ ಕಣ್ಣಿಗೆ ಹದಿನಾಲ್ಕು ಕೆಂಪು ಜಾಕೆಟ್ಟು ಬಿದ್ದಿರಲಿಲ್ಲ. ಇವರು ನನ್ನವರಲ್ಲ ಎಂದು ಹೇಳಬಹುದಿತ್ತು. ಆದರೆ ಕಾಫಿಯಿಟ್ಟ ಮನೆಯ ಬಾಗಿಲಿಗೆ ಬಂದವರನ್ನು ಯಾರು ಕರೆದದ್ದು ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಬಂದವರು ಹಿಂದೆ ಹೋಗುವುದೂ ಇಲ್ಲ. ಹೊಸ್ತಿಲಲ್ಲಿ ರಾಶಿ ಬಿದ್ದ ಪಾದರಕ್ಷೆಗಳನ್ನು ನೋಡಿ ಅವರಾಗಲೇ ಬಗ್ಗಿ ಬೂಟು ಕಳಚತೊಡಗಿದ್ದರು. ಒಂದೇ ಥರದ ಇಪ್ಪತ್ತೆಂಟು ಕಪ್ಪು ಬೂಟು ಮೆಟ್ಟಿಲ ತುಂಬ ಹರಡಿ ಹಿಂದೆ ಹೋಗುವ ದಾರಿಯನ್ನೇ ಮುಚ್ಚಿದವು. ತೊಬಿಯಾಸ್ ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿ, ಬಂದೂಕನ್ನು ಗೋಡೆಗೆ ಒರಗಿಸಿ ಒಳಗೆ ಹೋದ.

ಒಳಗೆ ಕೂತಿದ್ದ ಊರಿನವರು ಕೇಕು ನುಂಗಿ ಎದ್ದು ಜಾಗ ಬಿಟ್ಟರು, ಕೆಲವರು ಹೊರಗೆ ಹೋದರು, ಬಹಳ ಮಂದಿ ಮೋಜು ನೋಡಲು ಗೋಡೆಗೆ ಅಂಟಿಕೊಂಡು ನಿಂತರು. ಭವನದಿಂದ ಆಗಲೇ ಬಂದಿದ್ದ ದೆಬೋರಾ ಗಂಡನನ್ನು ನೋಡಿ ಕೈಲಿದ್ದ ಕಪ್ಪನ್ನು ತುಟಿಯ ಹತ್ತಿರವೇ ಹಿಡಿದು ನಿಂತುಬಿಟ್ಟಳು. ಕೆಂಪು ಜಾಕೆಟ್ಟಿನವರು ಮೊಣಕೈಗೆ ಮೊಣಕೈ ತಾಗಿಸಿ ಕೂತು, ಪೀಚಿನ ಕೇಕು, ಒಣದ್ರಾಕ್ಷಿಯ ರೊಟ್ಟಿ, ಒಣಮೀನು, ಎಲ್ಲವನ್ನೂ ಹೊಗಳಿದರು. ಒಬ್ಬ ಪಾಕೀಟು ತೆಗೆದು ತಲೆಗೆಷ್ಟು ಎಂದು ಕೇಳಿದ. ಇಂಗ್ಲಿಷ್ ಬಲ್ಲ ನಿಕೊಲಿನೆ, ಇದು ಅಂಗಡಿಯಲ್ಲಪ್ಪ, ನಮ್ಮಪ್ಪನ ಹುಟ್ಟುಹಬ್ಬ ಎಂದು ಹೇಳಿ ಅವನನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿದಳು. ಮೇಜಿನ ತುದಿಯಲ್ಲಿ ಅಗಲವಾದ ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು, ಗಲ್ಲಕ್ಕೆಲ್ಲ ಕೆನೆ ಮೆತ್ತಿಕೊಂಡು ಮನಾಸೆ ಕೂತಿದ್ದಳು. ಅವಳು ತೊಬಿಯಾಸನನ್ನು ನೋಡಿದಳು, ಆಮೇಲೆ ಅಜ್ಜಿಯ ಕಡೆ ತಿರುಗಿ ಗಂಭೀರವಾಗಿ ಹೇಳಿದಳು:

"ರೆಗಿನೆ, ನನ್ ತಮ್ಮ ಬಂದ. ಕಾಫಿ ಕೊಡು."

ಮನೆ ಬಿದ್ದುಹೋಗುವ ಹಾಗೆ ಎಲ್ಲ ನಕ್ಕರು. ತೊಬಿಯಾಸನೂ ನಗಲು ಹೋದ. ಮುಖ ಅರ್ಧ ನಕ್ಕು ಅಲ್ಲೇ ನಿಂತಿತು. ಜನ ಅವನಿಗೆ ಹುಡುಗಿಯ ಪಕ್ಕದಲ್ಲಿ ಜಾಗ ಮಾಡಿದರು. ಕಾಫಿ ಬಿಸಿಯಿತ್ತು, ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹುಡುಗಿಯಿಂದ ಸಾಬೂನಿನ ಮತ್ತು ಸೀಲ್ ಚರ್ಮದ ವಾಸನೆ ಬರುತ್ತಿತ್ತು. ಅವನು ಕಪ್ಪು ನೋಡಿಕೊಂಡು ಕೂತ. ಇಷ್ಟೇ ಆಗಿದ್ದರೆ ಒಂದು ಕಪ್ಪು ಕುಡಿದು, ಹೋಗಿಬರುತ್ತೇನೆ ಮಗು, ಎಂದು ಎದ್ದು ಹೋಗಿರುತ್ತಿದ್ದ. ಆದರೆ ಎದುರಿಗೆ ಕೂತ ಬೆಳ್ಳಿಕೂದಲ ಮುದುಕಿ ನಿಕೊಲಿನೆಯ ಕೈ ಹಿಡಿದು, ಅವನ ಕಡೆ ತೋರಿಸಿ, ಏನೋ ಸಂಭ್ರಮದಿಂದ ಹೇಳಿದಳು. ನಿಕೊಲಿನೆ ಎಲ್ಲರಿಗೂ ಕೇಳಿಸುವ ಹಾಗೆ, ಚಿಕ್ಕಪ್ಪ ಹತ್ತು ಕರಡಿ ಹೊಡೆದಿದ್ದಾನಂತೆ, ಇವರಿಗೆ ಹೇಳಿದನಂತೆ, ಎಂದಳು.

ಹನ್ನೊಂದು, ಎಂದರು ಗೋಡೆಗೆ ನಿಂತ ಮೂರು ನಾಲ್ಕು ಜನ ಒಟ್ಟಿಗೆ. ಹನ್ನೊಂದು, ಎಂದಳು ರೆಗಿನೆಯೂ, ಕಾಫಿ ಬಗ್ಗಿಸುತ್ತಲೇ. ವಯಸ್ಸಾಯಿತು, ಲೆಕ್ಕ ಮರೆಯುತ್ತಾನೆ ಎಂದು ದೆಬೋರಾ ನಕ್ಕಳು. ನಿಕೊಲಿನೆ ಮುದುಕಿಗೆ ತಿದ್ದಿ ಹೇಳಲು ಹೊರಟಳು. ಮುದುಕಿ ಒಪ್ಪದೆ, ಎರಡೂ ಕೈಯ ಬೆರಳು ಬಿಡಿಸಿ, ಮುಚ್ಚಿ, ಅವನು ಮಾಡಿದ್ದನ್ನು ಹಾಗೆಯೇ ಮಾಡಿ ತೋರಿಸಿದಳು. ಎಲ್ಲರೂ ಅವನನ್ನು ನೋಡಿದರು. ಮುದುಕಿ ತಪ್ಪು ತಿಳಿದಳು ಎನ್ನುವುದಕ್ಕೆ ಅರ್ಧ ನಿಮಿಷವೂ ಬೇಡ. ಬೆರಳೊಂದು ಎತ್ತಿದರೆ ಸಾಕು, ಎಲ್ಲ ಮೊದಲಿನ ಹಾಗೆ. ಎತ್ತದಿದ್ದರೆ ನಾಳೆಯಿಂದ ಈ ಊರಲ್ಲಿ ಅವನು ಸತ್ತ ಅಣ್ಣನ ಕರಡಿ ಕದ್ದವನು. ಬೇಟೆಗಾರರ ನಡುವೆ ಕೂರುವ ಮುಖ ಉಳಿಯುವುದಿಲ್ಲ. ಪಕ್ಕದಲ್ಲಿ ಹುಡುಗಿ ಚಮಚೆಯಿಂದ ತಟ್ಟೆ ಕೆರೆಯುವ ಸದ್ದು. ಅವನು ಕಪ್ಪು ಕೆಳಗಿಟ್ಟು ಅವಳ ಕಡೆ ತಿರುಗಿದ.

"ಅಣ್ಣ," ಎಂದ.

ಏನೂ ತಿಳಿಯದ ಕೆಂಪು ಜಾಕೆಟ್ಟಿನವರೂ ಅಗಿಯುವುದು ನಿಲ್ಲಿಸಿದರು.

"ಅಣ್ಣ, ಆ ಕರಡಿ ನಂದಲ್ಲ. ನೀನು ಮಂಜುಗಡ್ಡೆ ಹತ್ತಿ ಆಚೆ ನೋಡ್ದೆ. ಇಳಿದು ಬಂದು ನನ್ ಪಕ್ಕ ಕೂತೆ, ಏನೂ ಹೇಳ್ಲಿಲ್ಲ. ನಿನ್ ಮುಖ ನೋಡೇ ನಂಗೆ ಗೊತ್ತಾಯ್ತು, ಆಚೆ ಏನೋ ಇದೆ ಅಂತ. ಆಮೇಲೆ ನಾನು ಹತ್ತಿ ನೋಡಿ ಕೂಗ್ದೆ. ಮೊದ್ಲು ನೋಡಿದ್ದು ನೀನು. ದಡದಲ್ಲಿ ಕೇಳ್ದಾಗ ನಾನು ಅಂದ್ಬಿಟ್ಟೆ. ನಿನ್ನ ಹೆಲಿಕಾಪ್ಟರಲ್ಲಿ ಕರ್ಕೊಂಡು ಹೋದಾಗ್ಲೂ ನಾನು ಬರ್ಲಿಲ್ಲ. ನಾಚ್ಕೆ ಆಗಿತ್ತು."

ಗೋಡೆಗೆ ನಿಂತವರಲ್ಲಿ ಒಬ್ಬ ಮುದುಕ ನೆಲ ನೋಡುತ್ತ ತಲೆ ಆಡಿಸಿದ. ದೆಬೋರಾಳ ಕಿವಿಗಳು ಕೆಂಪಾಗಿದ್ದವು. ರೆಗಿನೆ ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿ ತಿರುಗಿಸಿ, ತೊಬಿಯಾಸನನ್ನು ಬಿಟ್ಟು, ಮೊಮ್ಮಗಳನ್ನು ದಿಟ್ಟಿಸಿ ನೋಡಿದಳು.

"ನಂಗೂ ಹೇಳ್ಲಿಲ್ಲ ಇವ್ರು," ಎಂದಳು. "ಎರಡು ವರ್ಷ ಪಕ್ಕದಲ್ಲೇ ಮಲ್ಗಿದ್ರು. ಒಂದ್ ಮಾತು ಹೇಳ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಗಂಡ ಎಂಥವನೆಂದು ಇಷ್ಟು ತಡವಾಗಿ ತಿಳಿದ ಬೆರಗಿತ್ತು. ಹುಡುಗಿ ಚಮಚೆ ಬಾಯಲ್ಲಿಟ್ಟುಕೊಂಡು ಒಬ್ಬೊಬ್ಬರನ್ನೇ ನೋಡಿದಳು. ತನ್ನದೇ ವಿಷಯ ನಡೆಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

"ನಾನೇ ಮೊದ್ಲು ನೋಡಿದ್ನಾ?"

ತೊಬಿಯಾಸ್ ಹುಬ್ಬು ಎತ್ತಿದ.

"ಮತ್ತೆ ನಾನ್ಯಾಕೆ ಹೇಳ್ಲಿಲ್ಲ?"

ಏಳು ವರ್ಷ ಅವನು ಎಲ್ಲೆಲ್ಲೋ ಈ ಮಾತನ್ನೇ ಕೇಳಿಕೊಂಡಿದ್ದ, ದೋಣಿಯಲ್ಲಿ, ದಿಬ್ಬದ ಮೇಲೆ, ಕಳ್ಳನಿದ್ದೆಯಲ್ಲಿ. ತನ್ನನ್ನು ನಾಚಿಸಲೆಂದೇ ಅಣ್ಣ ಸುಮ್ಮನಿದ್ದ ಎಂದು ಕೆಲವು ದಿನ ನಂಬಿದ್ದ. ತನ್ನನ್ನು ಲೆಕ್ಕಕ್ಕೇ ಇಡಲಿಲ್ಲ ಎಂದು ಕೆಲವು ದಿನ. ಪರೀಕ್ಷೆ ಮಾಡಿದ, ತಾನು ಸೋತೆ, ಎಂದು ಬಹಳ ದಿನ.

"ನಂಗೊತ್ತಿಲ್ಲ ಅಣ್ಣ," ಎಂದ.

ಹುಡುಗಿ ಚಮಚೆ ತೆಗೆದು, ಅದರ ಹಿಂಬದಿ ನೆಕ್ಕಿ, ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದಳು. ಅವಳಿಗೆ ಉತ್ತರ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನೀನು ಚಿಕ್ಕವನಲ್ವಾ," ಎಂದಳು. "ಅದಕ್ಕೇ."

ಮೊದಲು ಬಿಕ್ಕಿದ್ದು ನಿಕೊಲಿನೆ. ಆಮೇಲೆ ರೆಗಿನೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ತೊಬಿಯಾಸ್ ತಲೆ ತಗ್ಗಿಸಿ ಕೂತಿದ್ದ, ಅವನ ಕಣ್ಣೀರು ಹೊಳೆಯುವ ಹಳದಿ ಅಂಗಿಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅವನಿಗೆ ಅನಿಸಲಿಲ್ಲ. ಅರವತ್ತೊಂದು ವರ್ಷದ ಆ ತಲೆಯೊಳಗೆ, ಅಮ್ಮನ ಮನೆಯ ನೆಲದ ಮೇಲೆ ಸೀಲಿನ ಕಣ್ಣನ್ನು, ಅದು ಎಲ್ಲಕ್ಕಿಂತ ರುಚಿ ಎಂದು ಗೊತ್ತಿದ್ದೂ, ತನ್ನ ಕಡೆಗೆ ತಳ್ಳುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಬಂದು ನಿಂತಿದ್ದ. ಬೆಳ್ಳಿಕೂದಲ ಮುದುಕಿ ಗಾಬರಿಯಾಗಿ, ತಾನೇನಾದರೂ ತಪ್ಪು ಮಾತಾಡಿದೆನೇ ಎಂದು ನಿಕೊಲಿನೆಯನ್ನು ಕೇಳಿದಳು. ನಿಕೊಲಿನೆ ಮೂಗು ಒರೆಸಿಕೊಂಡು, ಇಲ್ಲ, ನೀವು ಹೇಳಿದ ಲೆಕ್ಕವೇ ಸರಿ, ಹತ್ತು, ಎಂದಳು. ಗೋಡೆಗೆ ನಿಂತಿದ್ದ ಮುದುಕ ಬಂದು ಹುಡುಗಿಯ ಕೈ ಕುಲುಕಿ, ಒಳ್ಳೆ ದೊಡ್ಡ ಕರಡಿ ಅದು ಮನಾಸೆ, ಎಂದು ಅಭಿನಂದಿಸಿದ. ಹಿಂದೆಯೇ ಉಳಿದವರೂ ಸಾಲಾಗಿ ಬಂದು ಕುಲುಕಿದರು. ಕೆಂಪು ಜಾಕೆಟ್ಟಿನವರೂ ಇದೇ ಪದ್ಧತಿಯೆಂದು ತಿಳಿದು ಸಾಲು ಹಿಡಿದರು. ತೊಬಿಯಾಸನ ಮುಂದೆ ಬಂದಾಗ ಆ ಮುದುಕ ಒಂದು ಗಳಿಗೆ ನಿಂತ. ಹುಡುಗಿ ನೋಡುತ್ತಿದ್ದಳು, ಅದಕ್ಕೋ ಏನೋ, ಅವನ ಭುಜದ ಮೇಲೆ ಕೈಯಿಟ್ಟು ಮುಂದೆ ಹೋದ.

ಕೊಲ್ಲಿಯಿಂದ ಹಡಗು ಕೂಗಿತು. ಹೊಸ್ತಿಲಲ್ಲಿ ಗದ್ದಲವೋ ಗದ್ದಲ. ಇಪ್ಪತ್ತೆಂಟು ಬೂಟಿನಲ್ಲಿ ಯಾರದ್ದು ಯಾವುದೆಂದು ಯಾರಿಗೂ ತಿಳಿಯದೆ, ಕೊನೆಗೆ ಅಳತೆಗೆ ಬಂದದ್ದನ್ನು ತೂರಿಸಿಕೊಂಡು, ಕೈ ಬೀಸುತ್ತ ಇಳಿಜಾರಿನಲ್ಲಿ ಹೋದರು. ಊರಿನ ಇನ್ನೊಂದಿಷ್ಟು ಜನ ಕಾಫಿಗೆಂದು ಮೆಟ್ಟಿಲಲ್ಲಿ ಕಾದಿದ್ದರು. ಒಂದು ಕಪ್ಪು, ಒಂದು ಚೂರು ಕೇಕು, ಆಮೇಲೆ ಎದ್ದು ಕಾದವರಿಗೆ ಜಾಗ ಬಿಡುವುದು ಮರ್ಯಾದೆ. ತೊಬಿಯಾಸ್ ಮುಖ ಒರೆಸಿಕೊಂಡು ಎದ್ದ.

"ಎಲ್ಲಿಗೆ?" ಎಂದಳು ಮನಾಸೆ.

ಬೇರೆಯವರು ಕಾದಿದ್ದಾರಲ್ಲ, ಜಾಗ ಬಿಡಬೇಕು, ಎಂದು ಅವನು ಹೇಳಿದ. ಅವಳು ದಿಂಬಿನ ಮೇಲೆ ಪಕ್ಕಕ್ಕೆ ಸರಿದು, ತನ್ನ ಕುರ್ಚಿಯಲ್ಲಿ ಅರ್ಧ ತೆರವು ಮಾಡಿ, ಅಂಗೈಯಿಂದ ಬಡಿದು ತೋರಿಸಿದಳು.

"ಕೂತ್ಕೋ."

ಅಣ್ಣ ಹೇಳಿದ ಮೇಲೆ ಮುಗಿಯಿತು. ತೊಬಿಯಾಸ್ ಕೂತ.